ಏರಿದ್ದಕ್ಕೆ ಫೋಟೊ ಇದೆ, ಬಿದ್ದದ್ದಕ್ಕೆ ಲೆಕ್ಕ ಎಲ್ಲಿ?

ಶಹಾಪುರದಿಂದ ಸುರಪುರದ ಕಡೆ ಹೋಗುವ ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಉಪಕಾಲುವೆ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ನಾವು ಹೇಳಲಿರುವ ಹೆಣ್ಣುಮಗಳು ಯಾರೆಂದು ಸುತ್ತಲಿನ ನಾಲ್ಕು ಊರಿಗೆ ತಿಳಿದುಬಿಡುತ್ತದೆ. ಬೇಸಿಗೆ ಭತ್ತದ ದಿನಗಳು. ಗದ್ದೆಗೆ ಡ್ರೋನಿನಿಂದ ಎಣ್ಣೆ ಹೊಡೆಯುವ ಪ್ರಾತ್ಯಕ್ಷಿಕೆ ಇತ್ತು. (ಎಣ್ಣೆ ಎಂದರೆ ನಮ್ಮ ಕಡೆ ಕೀಟನಾಶಕ. ಬೇರೆ ಜಿಲ್ಲೆಯ ಓದುಗರು ಒಗ್ಗರಣೆ ಎಣ್ಣೆ ಅಂದುಕೊಳ್ಳಬಾರದು.) ಶಾಮಿಯಾನ ಹಾಕಿದ್ದರು, ಕುರ್ಚಿ ತಂದಿದ್ದರು, ಶಾಲು ಹಾರ ಎಲ್ಲ ಇತ್ತು. ನಮ್ಮಲ್ಲಿಬ್ಬರು ಅಲ್ಲಿದ್ದೆವು.

ಟ್ಯಾಂಕಿಗೆ ನೀರು ತಂದು ಸುರಿಯುವ ಕೆಲಸ ಒಬ್ಬ ಕೂಲಿ ಹೆಣ್ಣುಮಗಳದ್ದು. ಕಾಲಲ್ಲಿ ಚಪ್ಪಲಿ ಇಲ್ಲ, ಕೈಗೆ ಗವಸು ಇಲ್ಲ. ನೀರು ಸುರಿದು ಆಕೆ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದಳಷ್ಟೆ, ರಿಮೋಟ್ ಹಿಡಿದ ಹುಡುಗ ಡ್ರೋನ್ ಎಬ್ಬಿಸಿದ. ಅದು ಆಳೆತ್ತರ ಏರಿತು, ಒಂದು ಮಗ್ಗುಲಿಗೆ ವಾಲಿತು, ದಂಡೆಗೇ ಬಿತ್ತು. ತಿರುಗುತ್ತಿದ್ದ ರೆಕ್ಕೆ ಮಣ್ಣಿಗೆ ಬಡಿದು ಚೂರು ಹಾರಿದವು. ಟ್ಯಾಂಕಿನ ಮುಚ್ಚಳ ಕಿತ್ತು ಹಾಲಿನ ಬಣ್ಣದ ದ್ರಾವಣ ಇಳಿಜಾರಿಗುಂಟ ಕಾಲುವೆಯ ಕಡೆ ಹರಿಯಿತು. ಆಕೆಯ ಪಾದ, ಸೀರೆಯ ಅಂಚು ಎಲ್ಲ ತೊಯ್ದವು.

ಜನ ಓಡಿದ್ದು ಡ್ರೋನಿನ ಕಡೆಗೆ. "ಮಷೀನ್ ಹೋತಲ್ಲೋ" ಅಂತ ಒಬ್ಬರು ತಲೆ ಮೇಲೆ ಕೈ ಹೊತ್ತರು. ಆಕೆ ತಾನೇ ಕಾಲುವೆಗೆ ಇಳಿದು ಕಾಲು ತೊಳೆದುಕೊಂಡಳು. "ಏನೂ ಆಗಂಗಿಲ್ಲ ತಗೋ ತಂಗಿ, ಛಲೋತ್ನಂಗ ತೊಳ್ಕೊ" ಎಂದು ದಂಡೆಯ ಮೇಲಿಂದ ಯಾರೋ ಕೂಗಿದರು. ಅರ್ಧ ಗಂಟೆಯ ನಂತರ ಇನ್ನೊಂದು ಡ್ರೋನ್ ಬಂತು, ಅದು ಏರಿತು, ಚಪ್ಪಾಳೆ ಬಿತ್ತು. ನಾವು ಫೋಟೊ ತೆಗೆದೆವು. ಮರುದಿನ ನಮ್ಮ ಕೈಯಿಂದಲೇ ಹೋದ ಸುದ್ದಿಯ ತಲೆಬರಹ, 'ಡ್ರೋನ್ ಸಿಂಪಡಣೆಗೆ ಚಾಲನೆ'. ಬಿದ್ದ ಡ್ರೋನಿನ ಮೂರು ಫೋಟೊ ಫೋನಿನಲ್ಲಿದ್ದವು. ಜಾಗ ಸಾಲದಾದಾಗ ಅಳಿಸಿಬಿಟ್ಟೆವು.

ಈ ಲೇಖನ ಬೇರೆಯವರನ್ನು ಬೈಯುವ ಮೊದಲು ಅಲ್ಲಿಂದ ಶುರುವಾಗಬೇಕು. ನಾವು ಗ್ರಾಮೀಣ ಪತ್ರಿಕೋದ್ಯಮ ಓದಿದವರು. ಹೊಲದಲ್ಲಿ ನಡೆಯುವುದನ್ನು ಹೊಲದಲ್ಲಿರುವವರ ಕಣ್ಣಿಂದ ನೋಡಬೇಕು ಎಂದು ಎರಡು ವರ್ಷ ಕೇಳಿಸಿಕೊಂಡವರು. ಕಣ್ಣೆದುರು ಒಂದು ವಿಮಾನ ಅಪಘಾತ ನಡೆಯಿತು, ನಮಗೆ ಅದು ಸುದ್ದಿ ಅನ್ನಿಸಲಿಲ್ಲ.

'ವಿಮಾನ ಅಪಘಾತ' ಎಂದದ್ದಕ್ಕೆ ನಗಬೇಡಿ. ಕಾನೂನಿನ ಕಣ್ಣಲ್ಲಿ ಅದು ವಿಮಾನವೇ, ಪೈಲಟ್ ನೆಲದ ಮೇಲೆ ನಿಂತಿರುವ ಮಾನವರಹಿತ ವಿಮಾನ. 2021ರ ಆಗಸ್ಟ್‌ನಲ್ಲಿ ಬಂದ ಡ್ರೋನ್ ನಿಯಮಗಳಲ್ಲಿ ತೂಕದ ಮೇಲೆ ವರ್ಗ ಮಾಡಿದ್ದಾರೆ. 2 ಕಿಲೋದಿಂದ 25 ಕಿಲೋದವರೆಗಿನದು 'ಸಣ್ಣ' ಡ್ರೋನ್. ನಮ್ಮ ಗದ್ದೆಗೆ ಬರುವ ಹತ್ತು ಲೀಟರ್ ಟ್ಯಾಂಕಿನವು, ಎಣ್ಣೆ ತುಂಬಿಸಿಕೊಂಡಾಗ, ಈ 25 ಕಿಲೋದ ಗೆರೆಗೆ ಇನ್ನೇನು ತಾಗುವಂತೆ ನಿಲ್ಲುತ್ತವೆ. ಗೆರೆ ದಾಟಿದರೆ ಮೇಲಿನ ವರ್ಗದ ಕಟ್ಟುಪಾಡು, ಹಾಗಾಗಿ ಅಷ್ಟಕ್ಕೇ ಕಟ್ಟಿರುತ್ತಾರೆ. 25 ಕಿಲೋ ಎಂದರೆ ಅರ್ಧ ಮೂಟೆ ಸಿಮೆಂಟ್. ಅದಕ್ಕೆ ನಾಲ್ಕೋ ಆರೋ ಗರಗಸದಂಥ ರೆಕ್ಕೆ ಕಟ್ಟಿ ಜನರ ನಡುವಿನಿಂದ ಎಬ್ಬಿಸುತ್ತೇವೆ.

ಈಗ ಏರುವ ಗಳಿಗೆಯ ಬಗ್ಗೆ ಸ್ವಲ್ಪ ನಿಂತು ನೋಡೋಣ, ಏಕೆಂದರೆ ಎಲ್ಲ ಇರುವುದು ಅಲ್ಲೇ. ದೊಡ್ಡ ವಿಮಾನವಾಗಲಿ ಸಣ್ಣದಾಗಲಿ, ಕೃಷಿ ವಿಮಾನದ ಕೆಲಸ ಹೊರೆ ಹೊತ್ತು ಏರಿ ಬರಿಗೈಲಿ ಇಳಿಯುವುದು. ಅತಿ ಭಾರ ಇರುವುದು ಏರುವಾಗ, ಆಗಲೇ ವೇಗ ಇಲ್ಲ, ಎತ್ತರ ಇಲ್ಲ, ತಪ್ಪಿದರೆ ತಿದ್ದಿಕೊಳ್ಳಲು ಸಮಯ ಇಲ್ಲ. ಟ್ಯಾಂಕಿನಲ್ಲಿ ದ್ರಾವಣ ತುಳುಕುತ್ತಿರುತ್ತದೆ. ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಕಾದ ಗಾಳಿ ತೆಳ್ಳಗಾಗುತ್ತದೆ, ತೆಳ್ಳನೆಯ ಗಾಳಿ ರೆಕ್ಕೆಗೆ ಹಿಡಿತ ಕೊಡುವುದಿಲ್ಲ, ಬ್ಯಾಟರಿಯೂ ಬಿಸಿಯಾಗುತ್ತದೆ. ಎಲ್ಲೆಲ್ಲಿ ಕೃಷಿ ವಿಮಾನಗಳು ಹಾರುತ್ತವೋ ಅಲ್ಲೆಲ್ಲ ಪೈಲಟ್‌ಗಳಿಗೆ ಮೊದಲು ಹೇಳಿಕೊಡುವ ಪಾಠ ಇದು: ಬಿಸಿಲು ಹೆಚ್ಚಾದ ಹೊತ್ತು ಹೊರೆ ಕಡಿಮೆ ಮಾಡು.

ನಮ್ಮ ಡ್ರೋನ್ ದಿನಕ್ಕೆ ಎಷ್ಟು ಸಲ ಏರುತ್ತದೆ ಗೊತ್ತೇ? ಎಕರೆಗೆ ಹತ್ತು ಲೀಟರಿನ ಲೆಕ್ಕ, ಅಂದರೆ ಸುಮಾರು ಎಕರೆಗೊಂದು ಟ್ಯಾಂಕು. ಹತ್ತಾರು ನಿಮಿಷ ಹಾರುತ್ತದೆ, ಇಳಿಯುತ್ತದೆ, ಬ್ಯಾಟರಿ ಬದಲಿಸುತ್ತಾರೆ, ಟ್ಯಾಂಕು ತುಂಬುತ್ತಾರೆ, ಮತ್ತೆ ಏರುತ್ತದೆ. ಇಪ್ಪತ್ತು ಎಕರೆ ಹೊಡೆದರೆ ಇಪ್ಪತ್ತು ಸಲ. ಬೆಂಗಳೂರಿನಿಂದ ದೆಹಲಿಗೆ ಹೋಗುವ ವಿಮಾನ ಕೂಡ ದಿನಕ್ಕೆ ಇಷ್ಟು ಸಲ ನೆಲ ಬಿಡುವುದಿಲ್ಲ. ಇಪ್ಪತ್ತು ಸಲವೂ ಟ್ಯಾಂಕು ತುಂಬಿಸುವ ಕೈ ಹತ್ತಿರದಲ್ಲೇ ಇರುತ್ತದೆ. ಆ ಕೈ ಯಾರದ್ದು? ರಿಮೋಟ್ ಹಿಡಿದವನಿಗೆ ತರಬೇತಿ ಇದೆ, ಪ್ರಮಾಣಪತ್ರ ಇದೆ. ನೀರು ಸುರಿಯುವವಳಿಗೆ ದಿನಗೂಲಿ ಇದೆ, ಅಷ್ಟೆ.

ಇನ್ನೊಂದು ಮಾತು. ಬೆನ್ನಿಗೆ ಕಟ್ಟುವ ಪಂಪಿನಲ್ಲಿ ಹೊಡೆದರೆ ಎಕರೆಗೆ ಸುಮಾರು 150ರಿಂದ 200 ಲೀಟರ್ ನೀರು ಹೋಗುತ್ತದೆ. ಡ್ರೋನಿನಲ್ಲಿ ಹತ್ತೇ ಲೀಟರ್. ನೀರು ಉಳಿಯಿತು ಎಂದು ಹೊಗಳುತ್ತಾರೆ, ಸರಿ. ಆದರೆ ಎಕರೆಗೆ ಹೋಗಬೇಕಾದ ಎಣ್ಣೆಯ ಅಳತೆ ನೀರಿನಷ್ಟು ಇಳಿಯುವುದಿಲ್ಲವಲ್ಲ. ಇನ್ನೂರು ಲೀಟರಿನಲ್ಲಿ ಕರಗಬೇಕಾದದ್ದು ಹತ್ತು ಲೀಟರಿನಲ್ಲಿ ಕೂತಿರುತ್ತದೆ. ಪಂಪಿನ ಎಣ್ಣೆ ಮೈಮೇಲೆ ಚೆಲ್ಲುವುದಕ್ಕೂ ಡ್ರೋನಿನ ಎಣ್ಣೆ ಮೈಮೇಲೆ ಚೆಲ್ಲುವುದಕ್ಕೂ ವ್ಯತ್ಯಾಸ ಇದೆ. "ಏನೂ ಆಗಂಗಿಲ್ಲ" ಎಂದವರಿಗೆ ಇದು ಗೊತ್ತಿತ್ತೋ ಇಲ್ಲವೋ. ನಮಗೂ ಅವತ್ತು ಗೊತ್ತಿರಲಿಲ್ಲ.

ಮತ್ತೆ ಜಾಗ. ಡ್ರೋನ್ ಏರಿಸುವವರು ಹುಡುಕುವುದು ಮಟ್ಟಸ ನೆಲ, ಗಾಡಿ ಬರುವ ದಾರಿ, ಹತ್ತಿರದಲ್ಲೇ ನೀರು. ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆಯಲ್ಲಿ ಈ ಮೂರೂ ಒಟ್ಟಿಗೆ ಸಿಗುವುದು ಎಲ್ಲಿ? ಕಾಲುವೆ ದಂಡೆಯ ಮೇಲೆ. ಹುಣಸಗಿ, ಸುರಪುರ, ಶಹಾಪುರ ಕಡೆಯವರು ಯಾರನ್ನು ಬೇಕಾದರೂ ಕೇಳಿ. ಅದೇ ಕಾಲುವೆಯಲ್ಲಿ ಎಮ್ಮೆ ಮೈ ತೊಳೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಕೆಲಸಕ್ಕೆ ಬಂದವರು ಬಾಟಲಿ ತುಂಬಿಕೊಳ್ಳುತ್ತಾರೆ. ಒಂದು ಡ್ರೋನ್ ಬೀಳುವುದಕ್ಕೆ ಇಡೀ ಹೊಲದಲ್ಲಿ ಅತಿ ಕೆಟ್ಟ ಜಾಗ ಯಾವುದೆಂದು ಹುಡುಕಿದರೆ ಇದೇ ಸಿಗುತ್ತದೆ. ಅಲ್ಲಿಂದಲೇ ಏರಿಸುತ್ತೇವೆ.

"ಹೊಸ ತಂತ್ರಜ್ಞಾನ, ಮೊದಮೊದಲು ಸ್ವಲ್ಪ ಹೀಗೇ ಆಗುತ್ತದೆ" ಎಂಬ ಮಾತು ಕೇಳಿ ಸಾಕಾಗಿದೆ. ಆಕಾಶದಿಂದ ಬೆಳೆಗೆ ಎಣ್ಣೆ ಹೊಡೆಯುವುದು ಹೊಸತಲ್ಲ, ಅದಕ್ಕೆ ನೂರು ವರ್ಷ ದಾಟಿದೆ. 1921ರ ಆಗಸ್ಟ್ 3ರಂದು ಅಮೆರಿಕದ ಓಹಾಯೊದಲ್ಲಿ ಜಾನ್ ಮೆಕ್‌ರೆಡಿ ಎಂಬ ಸೇನಾ ಪೈಲಟ್ ಹಳೆಯ ಕರ್ಟಿಸ್ ಜೆನ್ನಿ ವಿಮಾನದಿಂದ ಕಟಾಲ್ಪ ಮರಗಳ ಹುಳಕ್ಕೆ ಪುಡಿ ಉದುರಿಸಿದ. ಆಮೇಲೆ ಯುದ್ಧದಲ್ಲಿ ಉಳಿದ ವಿಮಾನಗಳಿಗೆ ಟ್ಯಾಂಕು ಕೂರಿಸಿ ಹೊಲದ ಮೇಲೆ ಓಡಿಸಿದರು. ಪೈಲಟ್‌ಗಳು ಸತ್ತರು, ಬಹಳ ಜನ ಸತ್ತರು. ಅಲ್ಲಿ ಒಂದು ಕೆಲಸ ನಡೆಯಿತು: ಬಿದ್ದದ್ದನ್ನು ಬರೆದಿಟ್ಟರು. ಯಾವ ಅಪಘಾತದಲ್ಲಿ ಪೈಲಟ್‌ಗೆ ಎಲ್ಲಿ ಏಟು ಬಿತ್ತು, ಯಾರು ಉಳಿದರು, ಯಾಕೆ ಉಳಿದರು ಎಂದು ಕಾರ್ನೆಲ್‌ನ ಹ್ಯೂ ಡಿಹೇವನ್ ಕೂತು ನೋಡಿದರು. 1950ರಲ್ಲಿ ಟೆಕ್ಸಾಸ್‌ನ ಕೃಷಿ ಕಾಲೇಜಿನಲ್ಲಿ ಫ್ರೆಡ್ ವೀಕ್ ಅವರು ಎಜಿ-1 ಎಂಬ ವಿಮಾನ ಕಟ್ಟಿದರು. ಕೃಷಿ ಕೆಲಸಕ್ಕೆಂದೇ ಮೊದಲಿನಿಂದ ರೂಪಿಸಿದ ವಿಮಾನ ಅದು. ಪೈಲಟ್ ಎತ್ತರದಲ್ಲಿ ಕೂರುತ್ತಾನೆ, ಸುತ್ತ ಗಟ್ಟಿ ಚೌಕಟ್ಟು, ಗುದ್ದಿದರೆ ಮುಂಭಾಗ ನಜ್ಜಾಗುತ್ತ ಏಟನ್ನು ನುಂಗುತ್ತದೆ. ಅಂದರೆ, 'ಇದು ಬೀಳುತ್ತದೆ' ಎಂದು ಒಪ್ಪಿಕೊಂಡು ಕಟ್ಟಿದ ವಿಮಾನ. ಏರುವಾಗ ತೊಂದರೆಯಾದರೆ ಪೈಲಟ್ ಒಂದು ಹಿಡಿಕೆ ಎಳೆದು ಟ್ಯಾಂಕಿನಲ್ಲಿದ್ದುದನ್ನೆಲ್ಲ ಕೆಲವೇ ಸೆಕೆಂಡುಗಳಲ್ಲಿ ಕೆಳಗೆ ಸುರಿದು ಹಗುರಾಗುವ ಏರ್ಪಾಡೂ ಇಂಥ ವಿಮಾನಗಳಲ್ಲಿದೆ. ಕೆಳಗೆ ಯಾರ ಹೊಲ, ಯಾರ ತಲೆ ಎಂಬುದು ಬೇರೆ ಮಾತು. ಆ ಲೆಕ್ಕದಲ್ಲೂ ಉಳಿದದ್ದು ಪೈಲಟ್, ನೆಲದವರಲ್ಲ.

ಕರ್ನಾಟಕಕ್ಕೂ ಇದು ಹೊಸತಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್ 'ಬಸಂತ್' ಎಂಬ ಕೃಷಿ ವಿಮಾನ ಮಾಡಿತ್ತು. ಎಚ್‌ಎ-31. ಅದು 1972ರ ಮಾರ್ಚ್ 30ರಂದು ಮೊದಲು ಹಾರಿತು. ಅದಕ್ಕೂ ಮೊದಲು ಮಾಡಿದ ಮಾದರಿಗೆ ಎಂಜಿನ್ ಬಲ ಸಾಲದೆ ಇಡೀ ವಿನ್ಯಾಸ ಬದಲಿಸಿ, 400 ಅಶ್ವಶಕ್ತಿಯ ಎಂಜಿನ್ ಕೂರಿಸಿದ್ದರು. ಹೊರೆ ಹೊತ್ತು ಏರುವ ವಿಮಾನಕ್ಕೆ ಬಲ ಸಾಲದಿದ್ದರೆ ಏನಾಗುತ್ತದೆಂದು ಎಚ್‌ಎಎಲ್‌ನವರಿಗೆ ಗೊತ್ತಿತ್ತು. 39 ವಿಮಾನ ಮಾಡಿ 1980ಕ್ಕೆ ನಿಲ್ಲಿಸಿದರು. ಅರ್ಧ ಶತಮಾನದ ಹಿಂದೆ ಈ ರಾಜ್ಯದಲ್ಲಿ ಇದ್ದ ತಿಳಿವಳಿಕೆ ಇವತ್ತು ಶಹಾಪುರದ ಕಾಲುವೆ ದಂಡೆಗೆ ಬರುವಷ್ಟರಲ್ಲಿ 'ಮೊದಮೊದಲು ಹೀಗೇ' ಆಗಿಬಿಟ್ಟಿದೆ.

ಸುರಪುರದವರಿಗೆ ಆಕಾಶದ ಯೋಜನೆಗಳ ಪರಿಚಯವೂ ಹೊಸದಲ್ಲ. 2017ರಲ್ಲಿ 'ವರ್ಷಧಾರೆ' ಎಂದು ಸುಮಾರು 35 ಕೋಟಿ ರೂಪಾಯಿಯ ಮೋಡ ಬಿತ್ತನೆ ಯೋಜನೆ ಬಂತಲ್ಲ, ಅದರ ಮೂರು ರೇಡಾರ್‌ಗಳಲ್ಲಿ ಒಂದು ಸುರಪುರದಲ್ಲಿತ್ತು. ಉಳಿದೆರಡು ಬೆಂಗಳೂರಿನಲ್ಲಿ, ಗದಗದಲ್ಲಿ. ಆಗಸ್ಟ್ 21ರಂದು ಜಕ್ಕೂರಿನಲ್ಲಿ ಚಾಲನೆ ಸಿಕ್ಕಿತು. ನಮ್ಮಲ್ಲಿ ಕೆಲವರು ಆಗ ಕಾಲೇಜಿನಲ್ಲಿದ್ದೆವು. ನಮಗೆ ಆ ಯೋಜನೆಯ ಬಗ್ಗೆ ಇವತ್ತಿಗೂ ನೆನಪಿರುವುದು ಆ ವಿಮಾನದ ಮುಂದೆ ಸಾಲಾಗಿ ನಿಂತವರ ಫೋಟೊ ಒಂದೇ. ಅಲ್ಲೂ ಚಾಲನೆ, ಇಲ್ಲೂ ಚಾಲನೆ. ಕನ್ನಡ ಪತ್ರಿಕೆಗಳಲ್ಲಿ ಇಷ್ಟು ಸವೆದ ಶಬ್ದ ಇನ್ನೊಂದು ಇರಲಾರದು.

ಬಿದ್ದದ್ದೂ ಸುದ್ದಿಯಾಗುತ್ತದೆ, ಇಲ್ಲವೆನ್ನುವುದಿಲ್ಲ. 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲೂಕಿನ ವದ್ದಿಕೆರೆಯ ಹೊಲದಲ್ಲಿ ಡಿಆರ್‌ಡಿಒದ ತಪಸ್ ಡ್ರೋನ್ ಬಿದ್ದಾಗ ಎಲ್ಲ ಚಾನೆಲ್‌ನವರು ಓಡಿದರು. ರಕ್ಷಣಾ ಇಲಾಖೆಯದು, ದೊಡ್ಡದು, ರೆಕ್ಕೆ ಬಾಲ ಇದ್ದದ್ದು. ಆರು ರೆಕ್ಕೆಯ ಎಣ್ಣೆ ಡ್ರೋನ್ ಬಿದ್ದರೆ ಯಾರು ಬರುತ್ತಾರೆ? ರಿಪೇರಿಯವನು ಬರುತ್ತಾನೆ.

ಹಾಗಾದರೆ ಕಾನೂನು ಏನು ಹೇಳುತ್ತದೆ? ಡ್ರೋನ್ ನಿಯಮಗಳ ಪ್ರಕಾರ ಅಪಘಾತವಾದ 48 ಗಂಟೆಯೊಳಗೆ ಪೈಲಟ್ ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ ಆನ್‌ಲೈನ್‌ನಲ್ಲಿ ವರದಿ ಕೊಡಬೇಕು. ನಿಯಮ ಮುರಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮೋಟಾರು ವಾಹನಗಳಿಗಿರುವಂತೆ ಮೂರನೆಯವರಿಗೆ ಆಗುವ ಹಾನಿಗೆ ವಿಮೆಯೂ ಇರಬೇಕು. ಓದಲು ಎಷ್ಟು ಚೆನ್ನಾಗಿದೆ. ಈಗ ಆ ದಂಡೆಗೆ ವಾಪಸ್ ಬನ್ನಿ. ವರದಿ ಕೊಡಬೇಕಾದವನು ರಿಮೋಟ್ ಹಿಡಿದ ಹುಡುಗ. ಅವನು ದಿನದ ಲೆಕ್ಕಕ್ಕೆ ದುಡಿಯುವವನು, ವರದಿ ಕೊಟ್ಟರೆ ಮೊದಲು ಹೋಗುವುದು ಅವನದೇ ಕೆಲಸ. ಅವನು ಕೊಟ್ಟನೆಂದೇ ಇಟ್ಟುಕೊಳ್ಳಿ. ಅದು ದೆಹಲಿಗೆ ಹೋಗುತ್ತದೆ. ಶಹಾಪುರದ ಕೃಷಿ ಇಲಾಖೆಗೆ ಒಂದು ಪ್ರತಿ ಬರಬೇಕು ಎಂದು ನಿಯಮದಲ್ಲಿಲ್ಲ. ಗ್ರಾಮ ಪಂಚಾಯಿತಿಗೆ ಹೇಳಬೇಕು ಎಂದಿಲ್ಲ. ಮೈಮೇಲೆ ಎಣ್ಣೆ ಬಿದ್ದವಳಿಗೆ ಅದು ಯಾವ ಎಣ್ಣೆ ಎಂದು ಹೇಳುವುದು ಯಾರ ಜವಾಬ್ದಾರಿ ಎಂದೂ ಇಲ್ಲ. ವಿಮಾನಯಾನದವರಿಗೆ ಅದು ಬಿದ್ದ ಯಂತ್ರ. ಯಂತ್ರದೊಳಗೆ ಏನಿತ್ತು ಎಂಬುದು ಅವರ ಕಾಲಂ ಅಲ್ಲ.

ಯಂತ್ರದೊಳಗೆ ಇದ್ದದ್ದು ಕೃಷಿಯವರ ಕಾಲಂ. ಅಲ್ಲಿ 1968ರ ಕೀಟನಾಶಕ ಕಾಯ್ದೆ ಇದೆ, 1971ರ ನಿಯಮಗಳಿವೆ. ಆ ನಿಯಮಗಳನ್ನು ಬರೆದವರು ಹೆಲಿಕಾಪ್ಟರ್, ವಿಮಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡು 43ನೇ ನಿಯಮದಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ: ಆಕಾಶದಿಂದ ಸಿಂಪಡಿಸುವ 24 ಗಂಟೆ ಮೊದಲು ಜನರಿಗೆ ತಿಳಿಸಬೇಕು, ಸಂಬಂಧವಿಲ್ಲದ ಜನ, ದನಕರು ಆ ಜಾಗಕ್ಕೆ ಹೋಗದಂತೆ ತಡೆಯಬೇಕು, ವಿಮಾನ ಇಳಿದೇರುವ ಜಾಗದಲ್ಲಿ ತೊಳೆದುಕೊಳ್ಳುವ ಮತ್ತು ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರಬೇಕು. ಐವತ್ತು ವರ್ಷದ ಹಿಂದಿನ ಈ ನಿಯಮಕ್ಕೆ ನಾವು ಕೈಮುಗಿಯುತ್ತೇವೆ. ಬರೆದವರಿಗೆ ಏರುವ ಜಾಗವೇ ಅಪಾಯದ ಜಾಗ ಎಂದು ಗೊತ್ತಿತ್ತು. ನಮ್ಮ ದಂಡೆಯಲ್ಲಿ ತೊಳೆದುಕೊಳ್ಳುವ ವ್ಯವಸ್ಥೆ ಇತ್ತೇ? ಇತ್ತು, ಕಾಲುವೆ.

2021ರ ಡಿಸೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪಡಣೆಗೇ ಪ್ರತ್ಯೇಕ ಕಾರ್ಯವಿಧಾನ ಹೊರಡಿಸಿತು. ನಾಲ್ಕೇ ತಿಂಗಳಿಗೆ, 2022ರ ಏಪ್ರಿಲ್‌ನಲ್ಲಿ, 477 ಕೀಟನಾಶಕಗಳನ್ನು ಡ್ರೋನಿನಲ್ಲಿ ಬಳಸಲು ಒಂದೇ ಏಟಿಗೆ ತಾತ್ಕಾಲಿಕ ಒಪ್ಪಿಗೆ ಸಿಕ್ಕಿತು. ಒಂದೊಂದನ್ನೂ ಡ್ರೋನಿನ ಗಟ್ಟಿ ದ್ರಾವಣದಲ್ಲಿ ಪರೀಕ್ಷಿಸಿ ಕೊಡುವುದಾದರೆ ವರ್ಷಗಳೇ ಬೇಕು ಎಂಬುದಕ್ಕೆ ಕೃಷಿ ವಿಜ್ಞಾನ ಓದಬೇಕಿಲ್ಲ. ಏರಿಸಲು ಅವಸರ, ಬಿದ್ದದ್ದನ್ನು ಬರೆಯಲು ಒಂದು ನೋಟ್‌ಬುಕ್ ಇಲ್ಲ.

ಈಗ ನಮಗೆ ಬೀಳುವ ಬೈಗುಳ ಗೊತ್ತಿದೆ. "ಯಂತ್ರ ಬಂದರೆ ಬೇಡ ಅಂತೀರಿ, ಬೆನ್ನಿಗೆ ಪಂಪು ಕಟ್ಟಿಕೊಂಡು ಸಾಯಲಿ ಅಂತೀರಾ?" ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುತ್ತ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ನಮ್ಮ ಜಿಲ್ಲೆಯೂ ಹತ್ತಿಯ ಜಿಲ್ಲೆ. ಎದೆಯೆತ್ತರ ಬೆಳೆದ ಹತ್ತಿಯಲ್ಲಿ ಪಂಪು ಹೊತ್ತು ನಡೆಯುವವನು ಉಸಿರಾಡುವುದು ತಾನು ಹೊಡೆದ ಎಣ್ಣೆಯನ್ನೇ. ಅವನನ್ನು ಆ ಮಂಜಿನಿಂದ ಹೊರಗೆ ತರುವ ಯಂತ್ರ ಬಂದರೆ ನಾವು ಮೊದಲು ಚಪ್ಪಾಳೆ ತಟ್ಟುತ್ತೇವೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ಬಗ್ಗೆ ಸಂಶೋಧನೆ ನಡೆದಿದೆ, ಅದರದೇ ಕಾಲೇಜು ಶಹಾಪುರದ ಪಕ್ಕ ಭೀಮರಾಯನಗುಡಿಯಲ್ಲಿದೆ, ಸುರಪುರದ ಪಕ್ಕ ಕವಡಿಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಜ್ಞಾನಕ್ಕೆ ಬರವಿಲ್ಲ. ನಮ್ಮ ತಕರಾರು ಇಷ್ಟೇ: ಪಂಪು ಹೊತ್ತವನ ಬೆನ್ನಿನಿಂದ ಇಳಿದ ಅಪಾಯ ಮಾಯವಾಗಲಿಲ್ಲ, ಟ್ಯಾಂಕು ತುಂಬುವವಳ ಕಾಲಬುಡಕ್ಕೆ ಬಂದು ಕೂತಿದೆ. ಅದನ್ನು ಬರೆದುಕೊಳ್ಳಿ ಎಂದರೆ ಅಭಿವೃದ್ಧಿ ವಿರೋಧಿ ಎಂಬ ಬಿರುದು ಕೊಡಬೇಡಿ.

ಇನ್ನೂ ಒಂದು ಕಡೆ ನೋಡಿ. 2023ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ 'ನಮೋ ಡ್ರೋನ್ ದೀದಿ' ಯೋಜನೆ 1,261 ಕೋಟಿ ರೂಪಾಯಿಯದು. 15,000 ಮಹಿಳಾ ಸ್ವಸಹಾಯ ಗುಂಪುಗಳಿಗೆ ಡ್ರೋನ್, ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿವರೆಗೆ ನೆರವು, ಉಳಿದದ್ದಕ್ಕೆ ಸಾಲ. ಗುಂಪಿನ ಒಬ್ಬರಿಗೆ 15 ದಿನದ ತರಬೇತಿ. ಹೆಣ್ಣುಮಕ್ಕಳ ಕೈಗೆ ಯಂತ್ರ ಬರುವುದು ನಮಗೆ ಖುಷಿಯ ವಿಷಯ. ಆದರೆ ಆ ಸಾಲ ಗುಂಪಿನದು, ವಾರವಾರ ಹತ್ತು ಇಪ್ಪತ್ತು ರೂಪಾಯಿ ಕೂಡಿಸಿದ ಹೆಣ್ಣುಮಕ್ಕಳದ್ದು. ವಿಮೆಯ ಅವಧಿ ಮುಗಿದ ಮರುದಿನ ಡ್ರೋನ್ ಏರುವಾಗ ಬಿದ್ದರೆ? ಕಂತು ನಿಲ್ಲುವುದಿಲ್ಲ. ಇಂಥ ಗುಂಪಿಗೆ, ಯಾವ ಮಾದರಿ ಎಷ್ಟು ಸಲ ಬಿದ್ದಿದೆ, ಯಾವ ಕಾರಣಕ್ಕೆ, ರಿಪೇರಿಗೆ ಎಷ್ಟು ದಿನ ಹಿಡಿಯಿತು ಎಂದು ತಾಲೂಕಿನಲ್ಲಿ ಒಂದು ಪಟ್ಟಿ ಸಿಕ್ಕಿದ್ದರೆ ಕೊಳ್ಳುವ ಮೊದಲು ನೋಡಿಕೊಳ್ಳುತ್ತಿದ್ದರು. ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಹಳೇ ಮಾಲೀಕನ ಊರಲ್ಲಿ ವಿಚಾರಿಸುತ್ತೇವೆ. ಹತ್ತು ಲಕ್ಷದ ಡ್ರೋನಿಗೆ ಬಣ್ಣದ ಕರಪತ್ರ ಸಾಕೇ?

ನಾವು ಇಷ್ಟು ಜಗ್ಗಾಡುವುದಕ್ಕೆ ಇನ್ನೊಂದು ಕಾರಣ ಇದೆ, ಅದು ನಮ್ಮ ಕಸುಬಿನದು. ಕಾಸರಗೋಡು. ಅಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟ ಕೇರಳ ಸರ್ಕಾರದ ಪ್ಲಾಂಟೇಶನ್ ನಿಗಮದ್ದು. ತೋಟದ ನಡುವೆಯೇ ಮನೆ, ಬಾವಿ, ತೋಡು. ನಾವು ಮೇಲೆ ಹೇಳಿದ 43ನೇ ನಿಯಮ ಆಗಲೂ ಇತ್ತು. ಅಲ್ಲಿ ಯಾವ ಹೆಲಿಕಾಪ್ಟರೂ ಬೀಳಬೇಕಾಗಿರಲಿಲ್ಲ, ಸರಿಯಾಗಿ ಹಾರಿದ್ದೇ ಸಾಕಾಯಿತು. ಪ್ರತಿ ಹಾರಾಟವೂ ಕಾಗದದ ಮೇಲೆ ಯಶಸ್ವಿಯೇ. ಎಣ್ಮಕಜೆಯ ಪಡ್ರೆಯಲ್ಲಿ ವಿಕಲವಾಗಿ ಹುಟ್ಟಿದ ಕರುಗಳನ್ನು ಕಂಡು 1980ರ ದಶಕದ ಆರಂಭದಲ್ಲೇ ಬರೆದವರು ಪತ್ರಕರ್ತ ಶ್ರೀಪಡ್ರೆ. ನಮ್ಮ ಹಾಗೆಯೇ ಕೃಷಿ ಪತ್ರಕರ್ತ, ಕನ್ನಡದವರು. ಅಲ್ಲಿನ ವೈದ್ಯ ವೈ.ಎಸ್. ಮೋಹನಕುಮಾರ್ ತಮ್ಮಲ್ಲಿಗೆ ಬರುತ್ತಿದ್ದ ರೋಗಿಗಳನ್ನು ಮನೆ ಮನೆಯ ಲೆಕ್ಕ ಹಿಡಿದು ನೋಡಿದರು. ಸರ್ಕಾರ ಇಡದ ಲೆಕ್ಕವನ್ನು ಊರಿನ ಡಾಕ್ಟರೂ ಊರಿನ ಪತ್ರಕರ್ತನೂ ಇಟ್ಟರು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ತಡೆ ಹಾಕಿದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ಕೊಡಿ ಎಂದು ಕೇರಳಕ್ಕೆ ಅದು ಆದೇಶಿಸಿದ್ದು 2017ರ ಜನವರಿಯಲ್ಲಿ. ಕರುಗಳ ಸುದ್ದಿಯಿಂದ ಆ ಆದೇಶದವರೆಗೆ ಮೂವತ್ತೈದು ವರ್ಷದ ಆಸುಪಾಸು. ನಡುವೆ ಹುಟ್ಟಿದ ಮಕ್ಕಳು ದೊಡ್ಡವರಾದರು, ಕೆಲವರು ಆಗಲಿಲ್ಲ.

ಡ್ರೋನೂ ಎಂಡೋಸಲ್ಫಾನೂ ಒಂದೇ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದು ಸುಳ್ಳಾಗುತ್ತದೆ. ನಾವು ನೋಡುತ್ತಿರುವುದು ಆ ಪತ್ರಕರ್ತನನ್ನು. ಅವರು ಹೆಲಿಕಾಪ್ಟರ್ ಹಾರಿದ ದಿನ ಫೋಟೊ ತೆಗೆದು ಮನೆಗೆ ಹೋಗಲಿಲ್ಲ. ಕರು ಹುಟ್ಟುವವರೆಗೆ ಅಲ್ಲೇ ಇದ್ದರು. ನಾವು ಅರ್ಧ ಗಂಟೆ ಕೂಡ ಆ ಹೆಣ್ಣುಮಗಳ ಹತ್ತಿರ ನಿಲ್ಲಲಿಲ್ಲ.

ಬೇಕಾಗಿರುವುದು ದೊಡ್ಡ ಕಾಯ್ದೆಯಲ್ಲ. ಪ್ರತಿ ರೈತ ಸಂಪರ್ಕ ಕೇಂದ್ರದಲ್ಲಿ ಒಂದು ದಪ್ಪ ರಟ್ಟಿನ ರಿಜಿಸ್ಟರ್ ಇಡಲಿ, ಹೋಬಳಿಯಲ್ಲಿ ಡ್ರೋನ್ ಎಲ್ಲಿ ಬಿದ್ದರೂ ಅದರಲ್ಲಿ ಬರೆಯಲಿ, ಯಾರು ಬೇಕಾದರೂ ಬಂದು ಓದುವಂತಿರಲಿ. ದೆಹಲಿಗೆ ಹೋಗುವ ವರದಿ ಹೋಗಲಿ, ಇದು ಇಲ್ಲೇ ಇರಲಿ. ಏರಿಸುವ ಜಾಗ ಕಾಲುವೆಯಿಂದ, ಹಳ್ಳದಿಂದ ದೂರ ಇರಲಿ, ನೀರನ್ನು ಡ್ರಮ್ಮಿನಲ್ಲಿ ತರಲಿ, ಅಷ್ಟು ಕಷ್ಟದ ಕೆಲಸವೇನಲ್ಲ. ಹಿಂದಿನ ದಿನ ಊರಲ್ಲಿ ಡಂಗುರ ಸಾರಲಿ. ಸಂತೆಗೆ, ಜಾತ್ರೆಗೆ, ತೆರಿಗೆ ಕಟ್ಟುವುದಕ್ಕೆ ಸಾರುವುದಿಲ್ಲವೇ? ಟ್ಯಾಂಕಿನ ಮೈಮೇಲೆ ಇವತ್ತಿನ ಎಣ್ಣೆಯ ಹೆಸರನ್ನು ಕನ್ನಡದಲ್ಲಿ ಬರೆದು ಅಂಟಿಸಲಿ, ಡಬ್ಬಿಯ ಕೆಂಪು ಹಳದಿ ತ್ರಿಕೋನದ ಗುರುತೂ ಇರಲಿ. ಮೈಮೇಲೆ ಬಿದ್ದವರನ್ನು ದವಾಖಾನೆಗೆ ಒಯ್ದರೆ ಡಾಕ್ಟರ್ ಮೊದಲು ಕೇಳುವುದು ಅದನ್ನೇ. ಟ್ಯಾಂಕು ತುಂಬುವವರಿಗೆ ಗವಸು, ಬೂಟು, ಸೋಪು, ಎರಡು ಕೊಡ ಶುದ್ಧ ನೀರು. ಕೀಟನಾಶಕ ಕಾಯ್ದೆಯ 26ನೇ ಕಲಂನಲ್ಲಿ ವಿಷಬಾಧೆಯ ಪ್ರಕರಣಗಳನ್ನು ವರದಿ ಮಾಡಿ ಎಂದು ಆದೇಶಿಸುವ ಅಧಿಕಾರ ರಾಜ್ಯ ಸರ್ಕಾರಕ್ಕೇ ಇದೆ. ಡ್ರೋನ್ ಅಪಘಾತದಲ್ಲಿ ಎಣ್ಣೆ ಸೋಕಿದ್ದನ್ನೂ ಅದರಲ್ಲಿ ಸೇರಿಸುವುದಕ್ಕೆ ವಿಧಾನಸೌಧದ ಒಂದು ಸಹಿ ಸಾಕು.

ಪತ್ರಕರ್ತ ಗೆಳೆಯರಿಗೆ, ನಮಗೂ ಸೇರಿಸಿ, ಒಂದು ಮಾತು. ಡ್ರೋನ್ ಕಾರ್ಯಕ್ರಮಕ್ಕೆ ಕರೆ ಬಂದರೆ ಹೋಗೋಣ. ಮರುದಿನವೂ ಹೋಗೋಣ, ಶಾಮಿಯಾನ ಬಿಚ್ಚಿದ ಮೇಲೆ. ಪೈಲಟ್ ಹುಡುಗನ ಹೆಸರು ಹಾಕಿ ಅವನ ಅನ್ನಕ್ಕೆ ಕಲ್ಲು ಹಾಕುವುದು ಬೇಡ. ಬಿದ್ದ ಯಂತ್ರ ಯಾವುದು, ಎಷ್ಟು ಹೊರೆ ಇತ್ತು, ಬಿಸಿಲೆಷ್ಟು, ಗಾಳಿ ಯಾವ ಕಡೆಯದು, ಹತ್ತಿರ ಯಾರಿದ್ದರು ಎಂದು ಬರೆಯೋಣ.

ಒಂದು ತಿಂಗಳ ಮೇಲೆ ನಾವು ಆ ಊರಿಗೆ ಮತ್ತೆ ಹೋದೆವು. ಆಕೆ ಸಿಕ್ಕಳು. ಪಾದದ ಮೇಲೆ ಚರ್ಮ ಸುಲಿದು ಕಪ್ಪಾಗಿತ್ತು, ನಾಲ್ಕು ದಿನ ಕೆಲಸಕ್ಕೆ ಹೋಗಿರಲಿಲ್ಲವಂತೆ. ನಾಲ್ಕು ದಿನದ ಕೂಲಿ ಹೋಯಿತು, ಯಾರೂ ಕೊಡಲಿಲ್ಲ, ಆಕೆ ಯಾರನ್ನೂ ಕೇಳಲೂ ಇಲ್ಲ. "ಯಾವ ಎಣ್ಣಿ ಇತ್ತಂತ ಗೊತ್ತೇನವ್ವಾ?" ಎಂದೆವು. "ನನಗೇನ್ ಗೊತ್ತರೀ ಅಣ್ಣಾ, ನೀವ ಇದ್ರೆಲ್ಲ ಅಲ್ಲಿ, ನಿಮಗ ಗೊತ್ತಿರಬೇಕು" ಅಂದಳು.

ರಿಜಿಸ್ಟರ್ ಯಾರೂ ಇಡದಿದ್ದರೆ ಈ ಬ್ಲಾಗಿನಲ್ಲಿ ನಾವೇ ಒಂದು ಶುರು ಮಾಡುತ್ತೇವೆ. ಯಾದಗಿರಿ, ಶಹಾಪುರ, ಸುರಪುರ ಕಡೆ ಎಲ್ಲಿ ಬಿದ್ದರೂ ನಮಗೆ ಬರೆಯಿರಿ, ಹೋಗಿ ನೋಡಿ, ವಿಚಾರಿಸಿ ಸೇರಿಸುತ್ತೇವೆ. ಮೊದಲನೆಯ ನಮೂದು: ಜಾಗ, ಶಹಾಪುರ ಕಡೆಯ ಒಂದು ಉಪಕಾಲುವೆಯ ದಂಡೆ. ಎಷ್ಟು ಎತ್ತರದಿಂದ, ಆಳೆತ್ತರ. ಟ್ಯಾಂಕು, ಪೂರ್ತಿ ತುಂಬಿತ್ತು. ಚೆಲ್ಲಿದ್ದು, ಹೆಚ್ಚುಕಡಿಮೆ ಎಲ್ಲ. ಎಣ್ಣೆಯ ಹೆಸರು, ಗೊತ್ತಿಲ್ಲ. ಗಾಯಗೊಂಡವರು, ಕೂಲಿ ಹೆಣ್ಣುಮಗಳು ಒಬ್ಬಳು, ಎರಡೂ ಪಾದ. ಸ್ಥಳದಲ್ಲಿದ್ದ ಪತ್ರಕರ್ತರು, ಇಬ್ಬರು. ಅವರು ಬರೆದದ್ದು, ಏನೂ ಇಲ್ಲ.